ಬಿಚ್ಚುವ ಮೊದಲು ಗೇಜ್ ಹಾಕಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೈಡ್ರಾಲಿಕ್ ವಾಲ್ವ್, ಅಂದರೆ ಪಂಪ್ ಕಳಿಸುವ ಎಣ್ಣೆಯನ್ನು ಬೇಕಾದ ಸಿಲಿಂಡರ್ ಕಡೆಗೆ ತಿರುಗಿಸುವ ಭಾಗದ ಬಗ್ಗೆಯೇ ಇವೆ. ಮಳೆ ಹಿಡಿಯುವ ಹೊತ್ತು ಇದು. ಮಣ್ಣಿನ ಕೆಲಸ ಕಡಿಮೆಯಾಗುತ್ತದೆ, ಯಂತ್ರಗಳು ಶೆಡ್ಡಿಗೆ ಬರುತ್ತವೆ, ಮಾಲೀಕರಿಗೆ ರಿಪೇರಿ ನೆನಪಾಗುತ್ತದೆ. ನನ್ನ ದುಡಿಮೆಯೆಲ್ಲ ಹೊಸಪೇಟೆ, ಸಂಡೂರು ಕಡೆಯ ಅದಿರಿನ ಯಂತ್ರಗಳ ಜೊತೆ ಕಳೆದಿದೆ. ಅಲ್ಲಿ ಕಂಡ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತಾನಾಗಿ ಕೆಟ್ಟು ಬಂದ ವಾಲ್ವ್‌ಗಿಂತ, ಕೆಟ್ಟಿರಬಹುದು ಅಂತ ಸುಮ್ನೆ ಬಿಚ್ಚಿ ಆಮೇಲೆ ಕೆಟ್ಟುಹೋದ ವಾಲ್ವ್‌ಗಳೇ ನನ್ನ ಮೇಜಿಗೆ ಜಾಸ್ತಿ ಬಂದಿವೆ. ಕೆಳಗಿನ ಉತ್ತರಗಳನ್ನು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಪ್ರಶ್ನೆ: ಸರ್, ನನ್ನ ಹತ್ತಿರ ಹಳೆಯ ಜೆಸಿಬಿ ಇದೆ. ಮುಂದಿನ ಬಕೆಟ್ ತುಂಬಿ ತೋಳು ಎತ್ತಿ ನಿಲ್ಲಿಸಿದರೆ, ಲಿವರ್ ಮುಟ್ಟದಿದ್ದರೂ ತಾನಾಗಿ ಕೆಳಗೆ ಇಳಿಯುತ್ತದೆ. ಒಬ್ಬ ಮೆಕ್ಯಾನಿಕ್ ವಾಲ್ವ್ ಬ್ಲಾಕ್ ಪೂರ್ತಿ ಬದಲಿಸಬೇಕು ಅನ್ನುತ್ತಾರೆ. ಇನ್ನೊಬ್ಬರು ಸಿಲಿಂಡರ್ ಸೀಲ್ ಹೋಗಿದೆ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಯಂತ್ರದ ಮಾಲೀಕರು, ಅರಸೀಕೆರೆ

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಇಬ್ಬರೂ ಪರೀಕ್ಷೆ ಮಾಡಿ ಹೇಳಿದ ಹಾಗೆ ಕಾಣುತ್ತಿಲ್ಲ.

ಮೊದಲು ಎಷ್ಟು ಇಳಿಯುತ್ತದೆ ಅಂತ ಅಳೆಯಿರಿ. ಎಣ್ಣೆ ಕೆಲಸದ ಬಿಸಿಗೆ ಬಂದಿರಲಿ. ಬಕೆಟ್ ತುಂಬಿ ಎತ್ತಿ, ಎಂಜಿನ್ ನಿಲ್ಲಿಸಿ. ಸಿಲಿಂಡರ್ ರಾಡ್ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ದೂರ ನಿಂತು ಐದು ನಿಮಿಷ ಕಾಯಿರಿ. ತೋಳಿನ ಕೆಳಗೆ ಯಾರೂ ಹೋಗಬಾರದು. ಇಂತಿಷ್ಟು ನಿಮಿಷಕ್ಕೆ ಇಂತಿಷ್ಟು ಮಿಲಿಮೀಟರ್ ಇಳಿಯಬಹುದು ಅಂತ ಯಂತ್ರದ ಸರ್ವಿಸ್ ಪುಸ್ತಕದಲ್ಲೇ ಬರೆದಿರುತ್ತದೆ. ಸ್ಪೂಲ್ ವಾಲ್ವ್‌ನಲ್ಲಿ, ಅಂದರೆ ಲೋಹದ ಕಡ್ಡಿಯೊಂದು (ಸ್ಪೂಲ್) ಕೊರೆದ ತೂತಿನೊಳಗೆ (ಬೋರ್) ಜಾರಿ ಎಣ್ಣೆಯ ದಾರಿ ತೆರೆದು ಮುಚ್ಚುವ ವಾಲ್ವ್‌ನಲ್ಲಿ, ಲೋಹಕ್ಕೆ ಲೋಹವೇ ತಡೆ. ನಡುವೆ ರಬ್ಬರ್ ಇಲ್ಲ. ಹಾಗಾಗಿ ಹೊಸ ವಾಲ್ವ್‌ನಲ್ಲೂ ಎಣ್ಣೆ ಸ್ವಲ್ಪ ಜಾರುತ್ತದೆ. ಒಂದಿಷ್ಟೂ ಇಳಿಯಬಾರದು ಅಂದರೆ ಆಗುವುದಿಲ್ಲ.

ರಾತ್ರಿ ಎತ್ತಿ ನಿಲ್ಲಿಸಿ ಬೆಳಿಗ್ಗೆ ನೋಡಿದರೆ ಇಳಿದಿತ್ತು ಅನ್ನುವವರಿಗೆ ಇನ್ನೊಂದು ವಿಷಯ. ಎಣ್ಣೆ ತಣ್ಣಗಾದರೆ ಕುಗ್ಗುತ್ತದೆ. 30 ಡಿಗ್ರಿ ತಣ್ಣಗಾದರೆ ಸುಮಾರು ನೂರಕ್ಕೆ ಎರಡು ಭಾಗ. ಸಿಲಿಂಡರ್ ಒಳಗೆ 70 ಸೆಂಟಿಮೀಟರ್ ಎಣ್ಣೆ ನಿಂತಿದ್ದರೆ ರಾಡ್ ಒಂದೂವರೆ ಸೆಂಟಿಮೀಟರ್‌ನಷ್ಟು ಒಳಗೆ ಹೋಗುವುದು ಸಹಜ. ಅದರಲ್ಲಿ ವಾಲ್ವ್‌ದೂ ತಪ್ಪಿಲ್ಲ, ಸೀಲ್‌ದೂ ತಪ್ಪಿಲ್ಲ. ಅಷ್ಟಕ್ಕೂ ತೋಳು ಎತ್ತಿ ಯಂತ್ರ ನಿಲ್ಲಿಸಿ ಹೋಗಲೇಬಾರದು.

ಪುಸ್ತಕದ ಮಿತಿ ದಾಟಿ ಇಳಿಯುತ್ತಿದ್ದರೆ ಸಿಲಿಂಡರ್ ಪರೀಕ್ಷೆ ಮಾಡಿಸಿ. ಬಕೆಟ್ ಖಾಲಿ ಮಾಡಿ, ತೋಳು ಪೂರ್ತಿ ಮೇಲೆ ಎತ್ತಿ, ಯಂತ್ರದ ಜೊತೆ ಬರುವ ಸೇಫ್ಟಿ ಸ್ಟ್ರಟ್ (ತೋಳು ಬೀಳದಂತೆ ತಡೆಯುವ ಆಧಾರ) ಅನ್ನು ರಾಡ್ ಮೇಲೆ ಕೂರಿಸಿ ಪಿನ್ ಹಾಕಿ. ಇದಿಲ್ಲದೆ ಮುಂದಿನ ಕೆಲಸ ಬೇಡವೇ ಬೇಡ. ಎಂಜಿನ್ ನಿಲ್ಲಿಸಿ, ಲಿವರ್ ಆಡಿಸಿ ಪ್ರೆಷರ್ ಇಳಿಸಿ. ಒಂದು ಸಿಲಿಂಡರ್‌ನ ರಾಡ್ ಕಡೆಯ ಹೋಸ್ ಬಿಚ್ಚಿ, ಆ ಹೋಸ್‌ನ ಬಾಯಿಗೆ ಸ್ಟೀಲ್ ಪ್ಲಗ್ ಹಾಕಿ. ಸಿಲಿಂಡರ್‌ನ ಬಾಯಿ ತೆರೆದಿರಲಿ, ಕೆಳಗೆ ಬಕೆಟ್ಟು ಇಡಿ. ಈಗ ಎಂಜಿನ್ ನಿಧಾನದಲ್ಲಿ ಓಡಿಸಿ, ಲಿವರ್ ಎತ್ತುವ ಕಡೆಗೇ ಹಿಡಿಯಿರಿ. ಒಳಗಿದ್ದ ಎಣ್ಣೆ ಮೊದಲು ಸ್ವಲ್ಪ ಸುರಿಯುತ್ತದೆ. ಅದು ನಿಂತರೆ ಪಿಸ್ಟನ್ ಸೀಲ್ ಚೆನ್ನಾಗಿದೆ. ನಿಲ್ಲದೆ ಹರಿಯುತ್ತಲೇ ಇದ್ದರೆ ಸೀಲ್ ಹೋಗಿದೆ. ಇನ್ನೊಂದು ಬದಿಯ ಸಿಲಿಂಡರ್‌ಗೂ ಹೀಗೇ ಮಾಡಿ.

ಒಂದು ಮಾತು ಬಹಳ ಮೆಕ್ಯಾನಿಕ್‌ಗಳ ತಲೆಗೆ ಬರುವುದಿಲ್ಲ. ಪಿಸ್ಟನ್ ಸೀಲ್ ಹರಿದುಹೋದರೂ, ವಾಲ್ವ್ ಎರಡೂ ದಾರಿಯನ್ನು ಬಿಗಿಯಾಗಿ ಮುಚ್ಚಿದ್ದರೆ ನಿಮ್ಮ ಲೋಡರ್ ತೋಳು ಪೂರ್ತಿ ಬೀಳುವುದಿಲ್ಲ. ಕೆಳಗಿನ ಎಣ್ಣೆಯೆಲ್ಲ ಮೇಲಕ್ಕೆ ಬರಲು ಅಲ್ಲಿ ಜಾಗವಿಲ್ಲ, ರಾಡ್ ಜಾಗ ಹಿಡಿದಿರುತ್ತದೆ. ಹಾಗಾಗಿ ಜೋರಾಗಿ ಇಳಿಯುತ್ತಿದೆ ಅಂದರೆ ವಾಲ್ವ್‌ನ ಪಾಲೂ ಇದ್ದೇ ಇರುತ್ತದೆ. ಇಬ್ಬರು ಮೆಕ್ಯಾನಿಕ್‌ಗಳೂ ಅರ್ಧರ್ಧ ಸರಿ ಇರುವ ಸಾಧ್ಯತೆ ಇದೆ.

ಸಿಲಿಂಡರ್ ಸರಿ ಇದ್ದರೆ ಆಗ ವಾಲ್ವ್. ಅಲ್ಲೂ ಬ್ಲಾಕ್ ಪೂರ್ತಿ ಬೇಕಾಗಿಲ್ಲ. ತೋಳಿನ ಪಾಲಿನ ವಾಲ್ವ್ ಭಾಗಕ್ಕೆ (ಸೆಕ್ಷನ್) ಪೋರ್ಟ್ ರಿಲೀಫ್, ಅಂದರೆ ಆ ದಾರಿಯ ಪ್ರೆಷರ್ ಮಿತಿ ದಾಟಿದರೆ ಎಣ್ಣೆ ಬಿಟ್ಟುಕೊಡುವ ಸಣ್ಣ ವಾಲ್ವ್, ಇದ್ದರೆ ಮೊದಲು ಅದನ್ನು ಬಿಚ್ಚಿ ನೋಡಿ. ಅದರ ಸೀಟಿನಲ್ಲಿ ಒಂದು ಚೂರು ಕಸ ಕೂತರೂ ತೋಳು ಇಳಿಯುತ್ತದೆ. ಅದೇ ಪ್ರೆಷರ್‌ನ ಇನ್ನೊಂದು ಪೋರ್ಟ್ ರಿಲೀಫ್ ಯಂತ್ರದಲ್ಲಿ ಇದ್ದರೆ ಅದಲು ಬದಲು ಮಾಡಿ. ಕಾಯಿಲೆ ರಿಲೀಫ್ ಜೊತೆಗೇ ಜಾಗ ಬದಲಿಸಿದರೆ ಕಳ್ಳ ಸಿಕ್ಕ. ಮೇಲೆ ಕೊರೆದ ಸಂಖ್ಯೆ ಒಂದೇ ಇದೆಯಾ ನೋಡಿಕೊಂಡು ಮಾಡಿ. ಲಿವರ್ ಎಳೆದ ಕ್ಷಣದಲ್ಲಿ ಮಾತ್ರ ತೋಳು ಒಮ್ಮೆ ಕುಸಿದು ಆಮೇಲೆ ಏರುತ್ತಿದ್ದರೆ ತಪ್ಪು ಲೋಡ್ ಚೆಕ್ ವಾಲ್ವ್‌ನದು, ಅಂದರೆ ಭಾರ ಹೊತ್ತ ಎಣ್ಣೆ ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್‌ನದು. ಅದನ್ನು ಸ್ಪೂಲ್ ಬಿಚ್ಚದೆಯೇ ತೆಗೆದು ತೊಳೆಯಬಹುದು. ಇದೆಲ್ಲ ಆದ ಮೇಲೂ ಇಳಿಯುತ್ತಿದ್ದರೆ ಸ್ಪೂಲ್ ಸವೆದಿದೆ. ಸೆಕ್ಷನ್ ಸೆಕ್ಷನ್ ಜೋಡಿಸಿದ ವಾಲ್ವ್ ಆಗಿದ್ದರೆ ಆ ಒಂದು ಸೆಕ್ಷನ್ ಬದಲಿಸಿದರೆ ಸಾಕು. ಒಂದೇ ಎರಕದ ಬ್ಲಾಕ್ ಆಗಿದ್ದರೆ, ಬೋರ್ ಹೋನಿಂಗ್ (ಒಳಮೈ ಉಜ್ಜಿ ಸಮ ಮಾಡುವುದು) ಮಾಡಿಸಿ ದಪ್ಪ ಸ್ಪೂಲ್ ಕೂರಿಸಲು ಬರುತ್ತದಾ ಅಂತ ಕೇಳಿ. ಆ ಕೆಲಸ ತಿಳಿದವರು ಮಾಡಬೇಕು. ಲೇತ್ ಇದ್ದವರೆಲ್ಲ ಮಾಡುವ ಕೆಲಸ ಅಲ್ಲ ಅದು.

ಪ್ರಶ್ನೆ: ಅಣ್ಣಾ, ನಾನು ಐಟಿಐ ಮುಗಿಸಿ ಸಂಡೂರಿನಲ್ಲಿ ಒಬ್ಬರ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಕಂಟ್ರೋಲ್ ವಾಲ್ವ್ ಬಿಚ್ಚಿ ಕ್ಲೀನ್ ಮಾಡುವ ಸರಿಯಾದ ಕ್ರಮ ಯಾವುದು? ನಮ್ಮಲ್ಲಿ ಪೆಟ್ರೋಲ್‌ನಲ್ಲಿ ತೊಳೆದು ಬನಿಯನ್ ಬಟ್ಟೆಯಲ್ಲಿ ಒರೆಸುತ್ತಾರೆ. ಸ್ಪೂಲ್ ಹಿಡಿದರೆ ಎಮರಿ ಪೇಪರ್ ಹಾಕುತ್ತಾರೆ.
— ಯುವ ಮೆಕ್ಯಾನಿಕ್, ಸಂಡೂರು

ಉತ್ತರ: ತಮ್ಮಾ, ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ನಿಜಕ್ಕೂ ಸಂತೋಷವಾಯಿತು. ನಿಮ್ಮ ವಯಸ್ಸಿನಲ್ಲಿ ಕ್ರಮ ಕಲಿತರೆ ಅದು ಕೈಯಲ್ಲೇ ಉಳಿಯುತ್ತದೆ. ಪೆಟ್ರೋಲ್, ಬನಿಯನ್ ಬಟ್ಟೆ, ಎಮರಿ ಮೂರನ್ನೂ ಇವತ್ತೇ ಬಿಡಿ. ಯಾಕೆ ಅಂತ ಹೇಳುತ್ತೇನೆ.

ಸ್ಪೂಲ್‌ಗೂ ಅದರ ಬೋರ್‌ಗೂ ನಡುವಿನ ಸಂದು ಸಾಮಾನ್ಯವಾಗಿ 5ರಿಂದ 10 ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಬರಿಗಣ್ಣಿಗೆ ಕಾಣುವುದು 40 ಮೈಕ್ರಾನ್‌ವರೆಗೆ ಮಾತ್ರ. ಅಂದರೆ ಆ ಸಂದಿನಲ್ಲಿ ಸಿಕ್ಕಿಕೊಂಡು ಗೀರು ಹಾಕುವ ಕಸ ನಿಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಕಣ್ಣಿಗೆ ಸ್ವಚ್ಛ ಅನ್ನಿಸಿದ್ದು ವಾಲ್ವ್‌ಗೆ ಸ್ವಚ್ಛ ಅಲ್ಲ. ನಿಮ್ಮ ಊರಿನ ಕೆಂಪು ದೂಳನ್ನು ನೋಡಿ. ಅದು ಹೆಮಟೈಟ್, ಕಬ್ಬಿಣದ ಅದಿರು. ಮೃದು ಮಣ್ಣಲ್ಲ, ಉಜ್ಜುವ ಪುಡಿ. ಬನಿಯನ್ ಬಟ್ಟೆಯ ಎಳೆ ಬಿಟ್ಟು ಹೋಗಿ ಸಣ್ಣ ಆರಿಫೀಸ್‌ನಲ್ಲಿ (ಎಣ್ಣೆ ಹಾಯುವ ಕಿರಿದಾದ ರಂಧ್ರದಲ್ಲಿ) ಸಿಕ್ಕಿಕೊಳ್ಳುತ್ತದೆ. ಎಮರಿಯಲ್ಲಿ ಎರಡು ಎಳೆತ ಎಳೆದರೆ ಸ್ಪೂಲ್ ಕೆಲವು ಮೈಕ್ರಾನ್ ಸಣ್ಣದಾಗುತ್ತದೆ. ಅಂಚು ಉರುಟಾಗುತ್ತದೆ, ನಾಜೂಕಾಗಿ ಬಕೆಟ್ ಆಡಿಸುವ ಗುಣವೇ ಹೋಗುತ್ತದೆ. ಎಮರಿಯ ಕಣ ಬೋರ್ ಒಳಗೆ ಉಳಿಯುವುದು ಬೇರೆ. ಪೆಟ್ರೋಲ್ ಬಗ್ಗೆ ಹೇಳಬೇಕಾ? ಶೆಡ್ಡಿನಲ್ಲಿ ಒಬ್ಬರು ವೆಲ್ಡಿಂಗ್ ಮಾಡುತ್ತಿರುತ್ತಾರೆ, ಇನ್ನೊಬ್ಬರು ಗ್ರೈಂಡರ್ ಹಿಡಿದಿರುತ್ತಾರೆ. ಒಂದು ಕಿಡಿ ಸಾಕು. ಓ ರಿಂಗ್‌ಗಳೂ ಪೆಟ್ರೋಲ್‌ನಲ್ಲಿ ಉಬ್ಬುತ್ತವೆ.

ಕೆಲಸ ಶುರುವಾಗುವುದು ವಾಲ್ವ್ ಬಿಚ್ಚುವುದಕ್ಕಿಂತ ಮೊದಲೇ. ಯಂತ್ರ ಸಮನೆಲದಲ್ಲಿ ನಿಲ್ಲಿಸಿ. ಬಕೆಟ್, ಬೂಮ್ ಎಲ್ಲ ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ. ಪೈಲಟ್ ಲಿವರ್ (ಕಡಿಮೆ ಪ್ರೆಷರ್‌ನ ಎಣ್ಣೆಯ ಮೂಲಕ ಸ್ಪೂಲ್ ಆಡಿಸುವ ಲಿವರ್) ಇರುವ ಎಕ್ಸ್‌ಕವೇಟರ್ ಆದರೆ ಕೀ ಆನ್ ಮಾಡಿಟ್ಟು, ಸೇಫ್ಟಿ ಲಿವರ್ ಬಿಡಿಸಿ, ಎಲ್ಲ ಲಿವರ್‌ಗಳನ್ನೂ ಎಲ್ಲ ಕಡೆಗೂ ಕೆಲವು ಸಲ ಆಡಿಸಿ. ಟ್ಯಾಂಕ್ ಮುಚ್ಚಳ ನಿಧಾನವಾಗಿ ಸಡಿಲಿಸಿ ಗಾಳಿ ಬಿಡಿ. ಆಮೇಲೆ ವಾಲ್ವ್ ಸುತ್ತಲಿನ ಕೆಸರು, ಗ್ರೀಸ್ ಎಲ್ಲ ಡೀಸೆಲ್ ಹಚ್ಚಿ ಕೆರೆದು, ತೊಳೆದು, ಗಾಳಿ ಹೊಡೆದು ಒಣಗಿಸಿ. ಹೊರಗೆ ಸ್ವಚ್ಛವಾಗದೆ ಒಂದು ನಟ್ಟಿಗೂ ಪಾನಾ ಹಾಕಬೇಡಿ. ಮೊಬೈಲ್‌ನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಪೈಪ್‌ಗಳಿಗೆ ಚೀಟಿ ಕಟ್ಟಿ. ಬಿಚ್ಚಿದ ಕೂಡಲೇ ಎಲ್ಲ ಬಾಯಿಗಳಿಗೂ ಪ್ಲಾಸ್ಟಿಕ್ ಕ್ಯಾಪ್ ಹಾಕಿ. ಕ್ಯಾಪ್ ಇಲ್ಲದಿದ್ದರೆ ಹೊಸ ಪಾಲಿಥಿನ್ ಹಾಳೆ ಸುತ್ತಿ ದಾರ ಕಟ್ಟಿ. ಬಟ್ಟೆ ತುರುಕುವ ಅಭ್ಯಾಸ ಬೇಡ.

ವಾಲ್ವ್ ಬಿಚ್ಚುವ ಜಾಗ ಶೆಡ್ಡಿನ ಬಾಗಿಲಲ್ಲಿ ಇರಬಾರದು. ಒಳಗೆ ಒಂದು ಮೂಲೆ, ಒಂದು ಮೇಜು, ಮೇಲೆ ತಗಡು. ಲಾರಿ ಓಡಾಡುವ ಹೊತ್ತು ಬೇಡ. ಗ್ರೈಂಡಿಂಗ್ ನಿಲ್ಲಿಸಲು ಹೇಳಿ. ಇಷ್ಟು ಕೇಳಲು ಸಂಕೋಚ ಪಡಬೇಡಿ.

ಸ್ಪೂಲ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಪ್ರತಿ ಸ್ಪೂಲ್ ಅನ್ನೂ ಅದರ ಬೋರ್‌ಗೆ ಹೊಂದಿಸಿಯೇ ಫ್ಯಾಕ್ಟರಿಯಲ್ಲಿ ಕೂರಿಸಿರುತ್ತಾರೆ. ನೋಡಲು ಒಂದೇ ಥರ ಇದ್ದರೂ ಬೂಮ್‌ದು ಬೂಮ್‌ಗೇ, ಬಕೆಟ್‌ದು ಬಕೆಟ್‌ಗೇ ಹೋಗಬೇಕು. ತಿರುಗಿಸಿ ತಲೆಕೆಳಗೆ ಹಾಕುವುದೂ ಸಲ್ಲ. ಪಂಚ್ ಹೊಡೆದು ಗುರುತು ಮಾಡಬೇಡಿ, ಚೀಟಿ ಕಟ್ಟಿ. ನೇರವಾಗಿ, ಸ್ವಲ್ಪ ತಿರುಗಿಸುತ್ತಾ ಎಳೆಯಿರಿ. ಹಿಡಿದುಕೊಂಡರೆ ಒಳಕ್ಕೆ ತಳ್ಳಿ ಮತ್ತೆ ಎಳೆಯಿರಿ. ಸುತ್ತಿಗೆ ಬೇಡ, ಸ್ಕ್ರೂಡ್ರೈವರ್‌ನಿಂದ ಮೀಟುವುದು ಬೇಡ.

ತೊಳೆಯುವ ಮೊದಲು ಸ್ಪೂಲ್ ಅನ್ನು ಬೆಳಕಿಗೆ ಹಿಡಿದು ನೋಡಿ. ಇದು ನನಗೆ ಇಡೀ ಕೆಲಸದಲ್ಲಿ ಬಹಳ ಇಷ್ಟವಾದ ಭಾಗ. ಉದ್ದುದ್ದ ಸಣ್ಣ ಗೀರುಗಳಿದ್ದರೆ ಎಣ್ಣೆಯಲ್ಲಿ ಕಸ ಇತ್ತು. ಕಂದು ಬಣ್ಣದ, ಅಂಟಿದಂಥ ಪದರ ಇದ್ದರೆ ಎಣ್ಣೆ ಅತಿಯಾಗಿ ಕಾದಿತ್ತು, ಕೂಲರ್ ಕಡೆ ನೋಡಬೇಕು. ತುಕ್ಕಿನ ಚುಕ್ಕೆ ಇದ್ದರೆ ನೀರು ಸೇರಿತ್ತು. ಒಂದೇ ಬದಿ ಹೊಳೆಯುತ್ತಿದ್ದರೆ ಸ್ಪೂಲ್ ಒತ್ತಿಕೊಂಡು ಓಡಿದೆ, ಬೋರ್ ಸೊಟ್ಟಗಾಗಿದೆಯಾ ನೋಡಬೇಕು. ಮೊದಲೇ ತೊಳೆದುಬಿಟ್ಟರೆ ಈ ಸುಳಿವುಗಳಲ್ಲಿ ಕೆಲವು ಹೋಗುತ್ತವೆ. ಯಂತ್ರ ಯಾಕೆ ಕೆಟ್ಟಿತು ಅಂತ ಗೊತ್ತಾಗದೆ ಮತ್ತೆ ಅದೇ ಕಾಯಿಲೆಗೆ ಬರುತ್ತದೆ. ಸ್ಪೂಲ್ ಮೈಮೇಲೆ ಸುತ್ತಲೂ ಸಣ್ಣ ಗೆರೆಯಂಥ ತೋಡುಗಳು ಕಾಣುತ್ತವೆ. ಅವು ಸವಕಳಿ ಅಲ್ಲ. ಎಣ್ಣೆ ಸುತ್ತಲೂ ಸಮನಾಗಿ ಹರಡಿ ಸ್ಪೂಲ್ ನಡುವೆ ನಿಲ್ಲಲಿ ಅಂತಲೇ ಕೊರೆದಿರುವುದು. ಅವುಗಳಲ್ಲಿ ಕೂತ ಕಸ ಮಾತ್ರ ತೆಗೆಯಿರಿ.

ತೊಳೆಯಲು ಸೋಸಿದ ಸೀಮೆಎಣ್ಣೆ ಅಥವಾ ಡೀಸೆಲ್ ಸಾಕು. ಎರಡು ತಟ್ಟೆ ಇಡಿ. ಮೊದಲನೆಯದರಲ್ಲಿ ನೈಲಾನ್ ಬ್ರಷ್ ಹಾಕಿ ತೊಳೆಯಿರಿ, ಎರಡನೆಯದರಲ್ಲಿ ಹೊಸ ಎಣ್ಣೆಯಲ್ಲಿ ಜಾಲಿಸಿ. ತಂತಿ ಬ್ರಷ್ ಬೇಡ. ಕಂದು ಪದರ ಬಿಡದಿದ್ದರೆ ವಾರ್ನಿಶ್ ಕರಗಿಸುವ ಕ್ಲೀನರ್‌ನಲ್ಲಿ ನೆನೆಸಿ, ಮರದ ಕಡ್ಡಿಯಿಂದ ತೆಗೆಯಿರಿ. ಬ್ಲಾಕ್ ಒಳಗಿನ ದಾರಿಗಳಿಗೆ ಉದ್ದ ಬ್ರಷ್ ಹಾಯಿಸಿ. ಗಾಳಿ ಹೊಡೆಯುವ ಕಂಪ್ರೆಸರ್‌ಗೆ ನೀರು ಹಿಡಿಯುವ ಫಿಲ್ಟರ್ ಇರಬೇಕು, ಇಲ್ಲದಿದ್ದರೆ ನೀವೇ ನೀರು ಸಿಂಪಡಿಸಿದ ಹಾಗೆ. ಕನ್ನಡಕ ಹಾಕಿಕೊಂಡೇ ಗಾಳಿ ಹೊಡೆಯಿರಿ. ಒರೆಸುವುದೇ ಆದರೆ ಎಳೆ ಬಿಡದ ಬಟ್ಟೆಯಿಂದ. ಹಾಗೇ ಒಣಗಲು ಬಿಟ್ಟರೂ ನಡೆಯುತ್ತದೆ.

ಈಗ ಪರೀಕ್ಷೆ. ಸ್ಪೂಲ್‌ಗೆ ಹೊಸ ಹೈಡ್ರಾಲಿಕ್ ಎಣ್ಣೆ ಹಚ್ಚಿ, ಬೋರ್ ನೆಟ್ಟಗೆ ಮಾಡಿ ಬಿಡಿ. ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿದು ಹೋಗಬೇಕು. ಸ್ವಲ್ಪ ತಿರುಗಿಸಿ ಮತ್ತೆ ಬಿಡಿ. ಎಲ್ಲ ಕೋನದಲ್ಲೂ ಇಳಿಯಬೇಕು. ಎಲ್ಲೋ ಒಂದು ಕಡೆ ತಡೆದರೆ ಅಲ್ಲಿ ಇನ್ನೂ ಏನೋ ಇದೆ, ಭೂತಗನ್ನಡಿಯಲ್ಲಿ ಹುಡುಕಿ.

ಸೀಲ್ ಕಿಟ್ ಪೂರ್ತಿ ಹೊಸದು ಹಾಕಿ. ಹಳೆ ಓ ರಿಂಗ್ ನೋಡಲು ಚೆನ್ನಾಗಿದೆ ಅಂತ ಉಳಿಸಬೇಡಿ. ಬ್ಯಾಕಪ್ ರಿಂಗ್ ಇದ್ದರೆ ಅದು ಪ್ರೆಷರ್ ಬರುವ ಕಡೆ ಅಲ್ಲ, ಅದರ ಎದುರು ಬದಿಗೆ ಕೂರಬೇಕು. ಪ್ರೆಷರ್ ಓ ರಿಂಗ್ ಅನ್ನು ತಳ್ಳಿದಾಗ ಸಂದಿಗೆ ನುಗ್ಗದಂತೆ ತಡೆಯುವುದೇ ಅದರ ಕೆಲಸ. ಉಲ್ಟಾ ಹಾಕಿದರೆ ಓ ರಿಂಗ್ ಬೇಗ ಕಚ್ಚಿಹೋಗುತ್ತದೆ.

ಕೊನೆಗೆ ಬೋಲ್ಟ್ ಬಿಗಿ. ಒಳ್ಳೊಳ್ಳೆ ಕೆಲಸಗಾರರೂ ಎಡವುವುದು ಇಲ್ಲಿಯೇ. ಸೆಕ್ಷನ್‌ಗಳನ್ನು ಜೋಡಿಸುವ ಉದ್ದ ಬೋಲ್ಟ್‌ಗಳನ್ನು ಕೈಬಲದಲ್ಲಿ, ಪೈಪ್ ಹಾಕಿ ಬಿಗಿದರೆ ಎರಕದ ಬಾಡಿ ಸ್ವಲ್ಪ ಸೊಟ್ಟಗಾಗುತ್ತದೆ. ಕೆಲವೇ ಮೈಕ್ರಾನ್. ಆದರೆ ಸಂದು ಇರುವುದೇ ಅಷ್ಟು. ಮೇಜಿನ ಮೇಲೆ ಜಾರುತ್ತಿದ್ದ ಸ್ಪೂಲ್ ಯಂತ್ರಕ್ಕೆ ಕೂರಿಸಿದ ಮೇಲೆ ಹಿಡಿಯುತ್ತದೆ, ಎಣ್ಣೆ ಬಿಸಿಯಾದಾಗ ಇನ್ನೂ ಹಿಡಿಯುತ್ತದೆ. ಟಾರ್ಕ್ ರೆಂಚ್ ಹಿಡಿದು, ಪುಸ್ತಕದ ಲೆಕ್ಕಕ್ಕೆ, ಎರಡು ಮೂರು ಹಂತದಲ್ಲಿ ಬಿಗಿಯಿರಿ. ಪ್ರತಿ ಹಂತದಲ್ಲೂ ಸ್ಪೂಲ್ ಕೈಯಿಂದ ಆಡಿಸಿ ನೋಡಿ. ಯಂತ್ರದ ಮೇಲೆ ವಾಲ್ವ್ ಕೂರುವ ಜಾಗ ಸಮ ಇದೆಯಾ ಅಂತಲೂ ನೋಡಿ. ಎದ್ದ ಪೇಂಟ್, ವೆಲ್ಡಿಂಗ್ ಚೂರು ಕೆಳಗಿದ್ದರೂ ಇದೇ ತೊಂದರೆ.

ಯಂತ್ರ ಚಾಲೂ ಮಾಡುವ ಮೊದಲು ಹೊಸ ಫಿಲ್ಟರ್ ಹಾಕಿ. ಭಾರ ಇಲ್ಲದೆ, ನಿಧಾನ ಎಂಜಿನ್‌ನಲ್ಲಿ ಎಲ್ಲ ಕೆಲಸಗಳನ್ನೂ ಆಡಿಸಿ ಗಾಳಿ ಬಿಡಿಸಿ. ಸುಮಾರು 50 ಗಂಟೆ ಕೆಲಸ ಆದ ಮೇಲೆ ಫಿಲ್ಟರ್ ಮತ್ತೊಮ್ಮೆ ಬದಲಿಸಲು ಮಾಲೀಕರಿಗೆ ಹೇಳಿ. ನೀವು ಬಿಚ್ಚಿದಾಗ ಸೇರಿದ ಕಸ ಅಲ್ಲಿ ಬಂದು ಕೂತಿರುತ್ತದೆ.

ಪ್ರಶ್ನೆ: ನಾನು ಕಲ್ಲು ಕ್ವಾರಿಯಲ್ಲಿ ಎಕ್ಸ್‌ಕವೇಟರ್ ಆಪರೇಟರ್. ಬ್ರೇಕರ್ (ಕಲ್ಲು ಒಡೆಯುವ ಸುತ್ತಿಗೆ) ಕೆಲಸವೂ ಇದೆ. ಬೆಳಿಗ್ಗೆ ಯಂತ್ರ ಚೆನ್ನಾಗಿ ಎತ್ತುತ್ತದೆ, ಮಧ್ಯಾಹ್ನ ಬಲ ಕಡಿಮೆಯಾಗುತ್ತದೆ. ರಿಲೀಫ್ ವಾಲ್ವ್ ಸ್ಕ್ರೂ ಒಂದು ಸುತ್ತು ಬಿಗಿ ಮಾಡು ಅಂತ ಗೆಳೆಯರು ಹೇಳುತ್ತಾರೆ. ಮಾಡಬಹುದೇ?
— ಆಪರೇಟರ್, ಇಳಕಲ್

ಉತ್ತರ: ದಯವಿಟ್ಟು ಮಾಡಬೇಡಿ.

ನಿಮ್ಮ ಯಂತ್ರ 20 ಟನ್ ವರ್ಗದ್ದಾದರೆ ಮುಖ್ಯ ರಿಲೀಫ್ ಸಾಮಾನ್ಯವಾಗಿ 350 ಬಾರ್ ಆಸುಪಾಸಿನಲ್ಲಿ ಇರುತ್ತದೆ. ಒಂದು ಚದರ ಸೆಂಟಿಮೀಟರ್ ಮೇಲೆ 350 ಕೆ.ಜಿ.ಗಿಂತ ಜಾಸ್ತಿ ಭಾರ ಅಂದುಕೊಳ್ಳಿ. ಪ್ರೆಷರ್ ಅಳೆಯುವ ಗೇಜ್ ಇಲ್ಲದೆ ಒಂದು ಸುತ್ತು ತಿರುಗಿಸಿದರೆ ಅದು ಎಷ್ಟು ಏರುತ್ತದೆ ಅಂತ ಯಾರೂ ಹೇಳಲಾರರು. ಹೋಸ್ ಒಡೆಯಬಹುದು, ರಾಡ್ ಬಾಗಬಹುದು, ಪಂಪ್ ಶಾಫ್ಟ್ ಹೋಗಬಹುದು. ಒಡೆದ ಹೋಸ್ ಮುಂದೆ ನಿಂತಿರುವವರು ನಿಮ್ಮ ಹೆಲ್ಪರ್.

ಬೆಳಿಗ್ಗೆ ಚೆನ್ನಾಗಿದ್ದು ಬಿಸಿಗೆ ಸೋಲುತ್ತದೆ ಅಂದರೆ ಸ್ಪ್ರಿಂಗ್ ಸಡಿಲವಾದದ್ದು ಕಾರಣ ಇರಲಾರದು. ಸ್ಪ್ರಿಂಗ್ ಬೆಳಿಗ್ಗೆಯೂ ಅದೇ, ಮಧ್ಯಾಹ್ನವೂ ಅದೇ. ಬದಲಾದದ್ದು ಎಣ್ಣೆ. ಬಿಸಿಗೆ ತೆಳುವಾಗಿ, ಸವೆದ ಕಡೆಯೆಲ್ಲ ಜಾಸ್ತಿ ಜಾರುತ್ತದೆ. ಎಲ್ಲ ಕೆಲಸಗಳೂ ಒಟ್ಟಿಗೆ ಸೋತರೆ ಪಂಪ್ ಅಥವಾ ಮುಖ್ಯ ರಿಲೀಫ್ ಕಡೆ ನೋಡಬೇಕು. ಬೂಮ್ ಮಾತ್ರ ಸೋತು ಬಕೆಟ್ ಚೆನ್ನಾಗಿದ್ದರೆ ಬೂಮ್‌ನ ಸೆಕ್ಷನ್, ಅದರ ಪೋರ್ಟ್ ರಿಲೀಫ್, ಸಿಲಿಂಡರ್. ಯಾವುದು ಅಂತ ಗಮನಿಸಿ ಬರೆದಿಡಿ. ಆ ಒಂದು ಸಾಲು ಮೆಕ್ಯಾನಿಕ್‌ನ ಅರ್ಧ ದಿನ ಉಳಿಸುತ್ತದೆ.

ಆಮೇಲೆ ಗೇಜ್. 600 ಬಾರ್‌ವರೆಗೆ ತೋರಿಸುವ, ಗ್ಲಿಸರಿನ್ ತುಂಬಿದ ಗೇಜ್ ಬೇಕು. ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಓದಿ. ಬಿಸಿಯಲ್ಲೂ ಪ್ರೆಷರ್ ಸರಿಯಾಗಿ ಬಂದರೆ ರಿಲೀಫ್ ತಪ್ಪಿಲ್ಲ, ಅದರ ಸ್ಕ್ರೂ ಮೇಲಿನ ಸೀಲ್ ಒಡೆಯಬೇಡಿ. ಬರದಿದ್ದರೆ ರಿಲೀಫ್ ಕಾರ್ಟ್ರಿಜ್ ತೆಗೆದು ಪಾಪೆಟ್ (ಎಣ್ಣೆಯ ದಾರಿ ಮುಚ್ಚುವ ಬಿರಡೆ), ಅದು ಕೂರುವ ಸೀಟು, ಸಣ್ಣ ಆರಿಫೀಸ್ ನೋಡಿಸಿ. ಆರಿಫೀಸ್‌ಗೆ ಸ್ಟೀಲ್ ತಂತಿ ಚುಚ್ಚಬಾರದು, ರಂಧ್ರ ದೊಡ್ಡದಾದರೆ ವಾಲ್ವ್‌ನ ಗುಣ ಬದಲಾಗುತ್ತದೆ. ಗಾಳಿ ಹೊಡೆದರೆ ಸಾಕು.

ಬ್ರೇಕರ್ ಬಗ್ಗೆಯೂ ಒಂದು ಮಾತು. ಬ್ರೇಕರ್ ಹೊಡೆತಕ್ಕೆ ಎಣ್ಣೆ ಬೇಗ ಕಾಯುತ್ತದೆ, ಚಿಸೆಲ್ ಸುತ್ತಲಿನ ಕಲ್ಲಿನ ಪುಡಿ ಎಣ್ಣೆಗೆ ಸೇರುತ್ತದೆ. ಬರೀ ಮಣ್ಣು ತೋಡುವ ಯಂತ್ರದ ಲೆಕ್ಕದಲ್ಲಿ ಎಣ್ಣೆ, ಫಿಲ್ಟರ್ ಬದಲಿಸಿದರೆ ಸಾಲದು. ಪುಸ್ತಕದಲ್ಲಿ ಬ್ರೇಕರ್ ಬಳಕೆಗೆ ಅಂತಲೇ ಬೇರೆ ಗಂಟೆಗಳ ಲೆಕ್ಕ ಕೊಟ್ಟಿರುತ್ತಾರೆ, ಅದನ್ನು ನಿಮ್ಮ ಮಾಲೀಕರಿಗೆ ತೋರಿಸಿ. ಕೂಲರ್‌ನ ಜಾಲರಿಯಲ್ಲಿ ದೂಳು ಕಟ್ಟಿದೆಯಾ ನೋಡಿ. ಇಳಕಲ್ ಬಿಸಿಲಿನಲ್ಲಿ ಎಷ್ಟೋ ಸಲ ಕಾಯಿಲೆ ಅಲ್ಲೇ ಇರುತ್ತದೆ, ಗಾಳಿ ಹೊಡೆದರೆ ಮುಗಿಯಿತು.

ಪ್ರಶ್ನೆ: ಇಷ್ಟು ದೊಡ್ಡ ಪ್ರೆಷರ್ ಅನ್ನು ರಿಲೀಫ್ ವಾಲ್ವ್‌ನ ಬೆರಳು ಗಾತ್ರದ ಸ್ಪ್ರಿಂಗ್ ಹೇಗೆ ತಡೆಯುತ್ತದೆ?
— ಡಿಪ್ಲೊಮಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸ್ಪ್ರಿಂಗ್ ಒಂದೇ ತಡೆಯುವುದಿಲ್ಲಮ್ಮಾ, ಎಣ್ಣೆಯೇ ಎಣ್ಣೆಯನ್ನು ತಡೆಯುತ್ತದೆ. ದೊಡ್ಡ ಪಾಪೆಟ್‌ನ ಮುಂದೆಯೂ ಹಿಂದೆಯೂ ಅದೇ ಪ್ರೆಷರ್ ಇರುತ್ತದೆ. ನಡುವೆ ಸಣ್ಣ ರಂಧ್ರವೊಂದು ಎರಡನ್ನೂ ಕೂಡಿಸುತ್ತದೆ. ಎರಡೂ ಕಡೆ ಸಮ ಇರುವುದರಿಂದ ಹಗುರ ಸ್ಪ್ರಿಂಗ್ ಕೂಡ ಅದನ್ನು ಮುಚ್ಚಿ ಹಿಡಿಯುತ್ತದೆ. ಹಿಂದಿನ ಕೋಣೆಗೆ ಇನ್ನೊಂದು ಪುಟ್ಟ ಪೈಲಟ್ ಪಾಪೆಟ್ ಇದೆ. ಅದರ ಸೀಟಿನ ರಂಧ್ರ ಬಹಳ ಚಿಕ್ಕದು. ಆದ್ದರಿಂದ ಅದರ ಮೇಲೆ ಬೀಳುವ ಒಟ್ಟು ಬಲವೂ ಕಡಿಮೆ, ಸಣ್ಣ ಸ್ಪ್ರಿಂಗ್ ಸಾಕು. ಪ್ರೆಷರ್ ಮಿತಿ ಮುಟ್ಟಿದಾಗ ಆ ಪುಟ್ಟದು ತೆರೆಯುತ್ತದೆ. ಹಿಂದಿನ ಕೋಣೆಯ ಎಣ್ಣೆ ಹೊರಗೆ ಹೋಗುತ್ತದೆ. ಸಣ್ಣ ರಂಧ್ರದಿಂದ ಅಷ್ಟು ಬೇಗ ಎಣ್ಣೆ ತುಂಬಿಕೊಳ್ಳುವುದಿಲ್ಲ. ಸಮತೂಕ ತಪ್ಪಿ ದೊಡ್ಡ ಪಾಪೆಟ್ ಹಿಂದೆ ಸರಿಯುತ್ತದೆ, ಎಣ್ಣೆ ಟ್ಯಾಂಕಿಗೆ ಹೋಗುತ್ತದೆ. ಅಮೆರಿಕದ ಹ್ಯಾರಿ ವಿಕರ್ಸ್ 1930ರ ದಶಕದಲ್ಲಿ ಈ ಉಪಾಯವನ್ನು ಬಳಕೆಗೆ ತಂದರು. ಆ ರಂಧ್ರದಲ್ಲಿ ಕಸ ಸಿಕ್ಕಿಕೊಂಡರೆ ಹಿಂದೆ ಎಣ್ಣೆ ತುಂಬುವುದಿಲ್ಲ, ಯಂತ್ರಕ್ಕೆ ಪ್ರೆಷರೇ ಬರುವುದಿಲ್ಲ. ಪಂಪ್ ಹೋಯಿತು ಅಂತ ಪಂಪ್ ಬದಲಿಸಿದವರನ್ನು ನಾನು ನೋಡಿದ್ದೇನೆ. ತಪ್ಪು ಮಾತ್ರ ಆ ರಂಧ್ರದಲ್ಲಿತ್ತು.

ಪ್ರಶ್ನೆ: ಕಳೆದ ಮಳೆಗಾಲವೆಲ್ಲ ನಮ್ಮ ಯಂತ್ರ ತೋಟದ ಅಂಚಿನಲ್ಲಿ ನಿಂತಿತ್ತು. ಈಗ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದೆ, ಎರಡು ಲಿವರ್ ಗಟ್ಟಿಯಾಗಿವೆ. ಏನು ಮಾಡಬೇಕು?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಯಂತ್ರ ಓಡಿಸುವುದನ್ನು ಮೊದಲು ನಿಲ್ಲಿಸಿ. ಗಾಜಿನ ಬಾಟಲಿಯಲ್ಲಿ ಸ್ವಲ್ಪ ಎಣ್ಣೆ ತೆಗೆದು ಒಂದು ಗಂಟೆ ಇಡಿ. ಕೆಳಗಿನಿಂದ ತಿಳಿಯಾಗುತ್ತಾ ಬಂದರೆ ಅದು ಗಾಳಿ, ಪಂಪ್‌ಗೆ ಎಣ್ಣೆ ಬರುವ ಸಕ್ಷನ್ ಪೈಪ್‌ನಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ. ಹಾಗೇ ಬೆಳ್ಳಗೆ ಉಳಿದರೆ ನೀರು. ನಿಮ್ಮದು ನೀರೇ ಇರಬೇಕು. ಟ್ಯಾಂಕಿನ ಬ್ರೀದರ್ (ಗಾಳಿ ಒಳಗೆ ಹೊರಗೆ ಆಡುವ ಬಾಯಿ) ಅಥವಾ ಮುಚ್ಚಳದ ವಾಷರ್ ಹಾಳಾಗಿರುತ್ತದೆ, ಅದನ್ನು ಸರಿ ಮಾಡದೆ ಹೊಸ ಎಣ್ಣೆ ಹಾಕಿದರೆ ವ್ಯರ್ಥ. ಹಾಲಾದ ಎಣ್ಣೆಯನ್ನು ಕಾಯಿಸಿ ಮತ್ತೆ ಬಳಸುವ ಆಸೆ ಬೇಡ. ಪೂರ್ತಿ ತೆಗೆಯಿರಿ, ಟ್ಯಾಂಕ್ ತಳ ಒರೆಸಿ. ಸಿಲಿಂಡರ್‌ಗಳಲ್ಲೂ ಹೋಸ್‌ಗಳಲ್ಲೂ ಹಳೆಯದು ಉಳಿದಿರುತ್ತದೆ, ಆದ್ದರಿಂದ ಒಮ್ಮೆ ತುಂಬಿ ಓಡಿಸಿ ಮತ್ತೆ ಬದಲಿಸಬೇಕಾಗಬಹುದು.

ಗಟ್ಟಿಯಾದ ಲಿವರ್‌ಗೆ ವಾಲ್ವ್ ಬಿಚ್ಚುವ ಮೊದಲು ಲಿಂಕೇಜ್ ಪಿನ್ ತೆಗೆದು ಲಿವರ್ ಮಾತ್ರ ಆಡಿಸಿ ನೋಡಿ. ಮಲೆನಾಡಿನಲ್ಲಿ ಪಿನ್ನು, ಬುಷ್ಷೇ ತುಕ್ಕು ಹಿಡಿದಿರುತ್ತವೆ. ಲಿವರ್ ಸಲೀಸಾಗಿದ್ದರೆ ಆಗ ಸ್ಪೂಲ್. ಅದರ ಹೊರತುದಿ ರಬ್ಬರ್ ಬೂಟಿನ ಒಳಗಿರುತ್ತದೆ. ಬೂಟು ಹರಿದರೆ ನೀರು ನಿಂತು ಅಲ್ಲೇ ತುಕ್ಕು ಹತ್ತುತ್ತದೆ.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮ ಕಡೆ ಯಂತ್ರಗಳು ಸಾಲುಸಾಲಾಗಿ ನಿಂತುಬಿಟ್ಟವು. ಮತ್ತೆ ಕೆಲಸ ಶುರುವಾದಾಗ ಎರಡು ಬಗೆಯ ಯಂತ್ರಗಳನ್ನು ಕಂಡೆ. ಆಗಾಗ ಚಾಲೂ ಮಾಡಿ ಎಲ್ಲ ಕೆಲಸ ಆಡಿಸಿ, ರಾಡ್‌ಗಳಿಗೆ ಗ್ರೀಸ್ ಹಚ್ಚಿ ಇಟ್ಟವು ನೇರ ಕೆಲಸಕ್ಕೆ ಹೋದವು. ಹಾಗೇ ಬಿಟ್ಟವುಗಳ ಸ್ಪೂಲ್ ಬೋರ್‌ಗೇ ಕಚ್ಚಿಕೊಂಡಿದ್ದವು, ರಾಡ್‌ಗಳ ಕ್ರೋಮ್ ಎದ್ದಿತ್ತು. ಅದನ್ನು ನೋಡಿದ ಮೇಲೆ ನನ್ನ ಮಾತು ಒಂದೇ. ಕೆಲಸ ಇಲ್ಲದಿದ್ದರೂ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಎಣ್ಣೆ ಬಿಸಿಯಾಗುವವರೆಗೆ ಎಲ್ಲ ಲಿವರ್ ಆಡಿಸಿ. ಮೇಲೊಂದು ತಗಡಿನ ಮಾಡು ಹಾಕಿ.

ಪ್ರಶ್ನೆ: ನಮ್ಮ ಯಜಮಾನರು ಎಕ್ಸ್‌ಕವೇಟರ್ ಓಡಿಸುತ್ತಾರೆ. ಪೈಪ್ ಎಲ್ಲಿ ಸೋರುತ್ತದೆ ಅಂತ ಅಂಗೈ ಸವರಿ ನೋಡುತ್ತಾರೆ. ನನಗೆ ಹೆದರಿಕೆ. ಇದು ಅಪಾಯವೇ?
— ಒಬ್ಬ ಓದುಗರು, ಗಂಗಾವತಿ

ಉತ್ತರ: ನಿಮ್ಮ ಹೆದರಿಕೆ ನೂರಕ್ಕೆ ನೂರು ಸರಿ ಅಕ್ಕಾ. ಈ ಪುಟವನ್ನು ಅವರಿಗೆ ಓದಿ ಹೇಳಿ.

ಸೂಜಿಮೊನೆಯಷ್ಟು ರಂಧ್ರದಿಂದ ಬರುವ ಎಣ್ಣೆಯ ಎಳೆ ಕಣ್ಣಿಗೆ ಕಾಣದೇ ಇರಬಹುದು. ಅದು ಚರ್ಮ ತೂರಿ ಒಳಗೆ ಹೋಗುತ್ತದೆ. ಕೈಗವಸು ಅದನ್ನು ತಡೆಯುವುದಿಲ್ಲ. ಹೊರಗೆ ಇರುವೆ ಕಚ್ಚಿದಷ್ಟು ಗುರುತು ಮಾತ್ರ. ಮೊದಲು ನೋವೂ ಕಡಿಮೆ ಇರುತ್ತದೆ, ಅದಕ್ಕೇ ಜನ ಕೈ ತೊಳೆದು ಕೆಲಸಕ್ಕೆ ಹೋಗುತ್ತಾರೆ. ಒಳಗೆ ಎಣ್ಣೆ ಬೆರಳಿನ ನರ, ಸ್ನಾಯುಗಳ ನಡುವೆ ಹರಡಿರುತ್ತದೆ. ಕೆಲವೇ ಗಂಟೆಗಳಲ್ಲಿ ಆಪರೇಷನ್ ಮಾಡಿ ತೆಗೆಯದಿದ್ದರೆ ಬೆರಳು, ಕೆಲವೊಮ್ಮೆ ಕೈಯೇ ಕಳೆದುಕೊಳ್ಳಬೇಕಾಗುತ್ತದೆ. ಹೀಗೆ ಆದರೆ ಮಾತ್ರೆ ನುಂಗಿ ಕಾಯಬಾರದು, ಬಿಸಿನೀರಿನ ಶಾಖ ಕೊಡಬಾರದು. ಆಪರೇಷನ್ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಕೂಡಲೇ ಹೋಗಿ, "ಪ್ರೆಷರ್‌ನಲ್ಲಿ ಹೈಡ್ರಾಲಿಕ್ ಎಣ್ಣೆ ಕೈಯೊಳಗೆ ಹೊಕ್ಕಿದೆ" ಅಂತ ಇದೇ ಮಾತಿನಲ್ಲಿ ಹೇಳಬೇಕು. ಗಾಯ ಚಿಕ್ಕದು ಅಂತ ಅವರೂ ಬ್ಯಾಂಡೇಜ್ ಹಾಕಿ ಕಳಿಸಬಾರದಲ್ವಾ.

ಸೋರುವ ಜಾಗ ಹುಡುಕಲು ಉದ್ದನೆಯ ರಟ್ಟು ಅಥವಾ ಹಲಗೆ ತುಂಡನ್ನು ದೂರದಿಂದ ಹಿಡಿದು ಸರಿಸಿದರೆ ಸಾಕು, ಎಣ್ಣೆಯ ಗುರುತು ಅದರ ಮೇಲೆ ಬೀಳುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಪ್ರೆಷರ್ ಇರುವಾಗ ನಟ್ಟು ಬಿಗಿಯುವುದೂ ಬೇಡ.

ಪ್ರಶ್ನೆ: ನಮ್ಮ ಟಿಪ್ಪರ್, ಜೆಸಿಬಿಗಳಿಗೆ ಒಟ್ಟಿಗೇ 210 ಲೀಟರ್ ಬ್ಯಾರೆಲ್ ಎಣ್ಣೆ ತರಿಸುತ್ತೇವೆ. ಸೀಲ್ ಒಡೆಯದ ಹೊಸ ಎಣ್ಣೆಯನ್ನೂ ಸೋಸಬೇಕು ಅಂತ ಮೆಕ್ಯಾನಿಕ್ ಹೇಳುತ್ತಾರೆ. ನಿಜವೇ?
— ಯಂತ್ರಗಳ ಮಾಲಕಿ, ಮಂಡ್ಯ

ಉತ್ತರ: ನಿಜ. ನಿಮ್ಮ ಮೆಕ್ಯಾನಿಕ್ ಅನ್ನು ಬಿಟ್ಟುಕೊಡಬೇಡಿ. ಹೊಸ ಎಣ್ಣೆ ಅಂದರೆ ಬಳಸದ ಎಣ್ಣೆ ಅಷ್ಟೇ. ಬ್ಯಾರೆಲ್ ತುಂಬುವಾಗ, ಸಾಗಿಸುವಾಗ, ಅದರ ಒಳಮೈಯಿಂದ ಸೇರುವ ಕಣಗಳು ಇದ್ದೇ ಇರುತ್ತವೆ. ಎಣ್ಣೆ ಎಷ್ಟು ಸ್ವಚ್ಛ ಅಂತ ಅಳೆಯಲು ಐಎಸ್ಒ 4406 ಅನ್ನುವ ಲೆಕ್ಕ ಇದೆ. ಒಂದು ಮಿಲಿಲೀಟರ್ ಎಣ್ಣೆಯಲ್ಲಿ 4, 6, 14 ಮೈಕ್ರಾನ್‌ಗಿಂತ ದೊಡ್ಡ ಕಣಗಳು ಎಷ್ಟಿವೆ ಅನ್ನುವುದನ್ನು 18/16/13 ಅಂತ ಮೂರು ಅಂಕಿಯಲ್ಲಿ ಬರೆಯುತ್ತಾರೆ. ಅಂಕಿ ಒಂದು ಏರಿದರೆ ಕಣಗಳು ಸುಮಾರು ಎರಡರಷ್ಟು. ವಾಲ್ವ್‌ಗೆ ಬೇಕಾದಷ್ಟು ಸ್ವಚ್ಛತೆ ಬ್ಯಾರೆಲ್‌ನಿಂದ ನೇರವಾಗಿ ಸಿಗುವುದು ಅಪರೂಪ. ಸಣ್ಣ ಪಂಪ್, 10 ಮೈಕ್ರಾನ್ ಫಿಲ್ಟರ್, ಎರಡು ಹೋಸ್ ಇರುವ ಒಂದು ಗಾಡಿ ಮಾಡಿಸಿಕೊಳ್ಳಿ. ಮೂರು ನಾಲ್ಕು ಯಂತ್ರ ಇರುವವರಿಗೆ ಆ ದುಡ್ಡು ಬೇಗ ವಾಪಸ್ ಬರುತ್ತದೆ. ಬಕೆಟ್, ಆಲಿಕೆ, ಅದರ ಬಾಯಿಗೆ ಬಟ್ಟೆ, ಇವು ಬೇಡ.

ಬ್ಯಾರೆಲ್ ಇಡುವುದೂ ಮುಖ್ಯ. ಬಿಸಿಲು ಮಳೆಯಲ್ಲಿ ನೆಟ್ಟಗೆ ನಿಲ್ಲಿಸಿದರೆ ಮೇಲೆ ನೀರು ನಿಲ್ಲುತ್ತದೆ. ಹಗಲು ಕಾದು ಒಳಗಿನ ಗಾಳಿ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಮುಚ್ಚಳದ ಸಂದಿನಿಂದ ಆ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ನೆರಳಿನಲ್ಲಿ, ನೆಲದಿಂದ ಎತ್ತರಕ್ಕೆ ಮರದ ತುಂಡು ಹಾಕಿ ಅಡ್ಡ ಮಲಗಿಸಿ. ಎರಡು ಮುಚ್ಚಳಗಳೂ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಇರಲಿ. ಆಗ ಎರಡೂ ಎಣ್ಣೆಯಲ್ಲಿ ಮುಳುಗಿರುತ್ತವೆ, ಗಾಳಿಯೂ ಒಳಗೆ ಹೋಗುವುದಿಲ್ಲ, ನೀರೂ ಹೋಗುವುದಿಲ್ಲ. ತೆರೆದ ತಾರೀಖನ್ನು ಬ್ಯಾರೆಲ್ ಮೇಲೆಯೇ ಪೇಂಟ್‌ನಲ್ಲಿ ಬರೆದಿಡಿ.